ಕಬ್ಬಿಣದ ಸಾರು

ಮೊನ್ನೆ ಗೋಕಾಕಿನಲ್ಲಿ ಹಲ್ಲಿನ ಡಾಕ್ಟರರ ಖುರ್ಚಿಯ ಮೇಲೆ ಬಾಯಿ ತೆರೆದು ಕುಳಿತಿದ್ದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸಂತೆಗಳಲ್ಲಿ ಇಪ್ಪತ್ತು ವರ್ಷ ಮಂದಿಯ ಹಲ್ಲು ಕಿತ್ತವಳು ನಾನು. ಎಷ್ಟು ಕಿತ್ತರೇನು, ಸ್ವಂತ ಹಲ್ಲು ಸ್ವಂತ ಕೈಗೆ ಸಿಗುವುದಿಲ್ಲ. ಡಾಕ್ಟರು ಇನ್ನೂ ಮೀಸೆ ದಟ್ಟವಾಗದ ವಯಸ್ಸಿನವರು, ಮುಂಬಯಿಯಲ್ಲಿ ಓದಿ ಬಂದವರಂತೆ. ಬಾಜೂಕಿನ ಮೇಜಿನ ಮೇಲೆ ಸ್ಟೋವ್ ಉರಿಯುತ್ತಿತ್ತು, ಅದರ ಮೇಲೊಂದು ತಗಡಿನ ಪೆಟ್ಟಿಗೆ. ಅವರು ಮುಚ್ಚಳ ತೆಗೆದ ಕೂಡಲೇ ಉಗಿಯ ಜೊತೆಗೆ ಕುದ್ದ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ನನಗೆ ನಗು ತಡೆಯಲಾಗಲಿಲ್ಲ.

"ಯಾಕ್ರಿ ಆಯಿ, ನಗಾಕತ್ತೀರಿ?" ಅಂದರು ಡಾಕ್ಟರು.

ಹೇಳೋಣವೆಂದರೆ ಬಾಯಿಯಲ್ಲಿ ಅವರ ಎರಡು ಬೆರಳು. ಕಿತ್ತಾದ ಮೇಲೆ ದವಡೆಗೆ ಹತ್ತಿ ತುರುಕಿ, ಸಂಜೆಯವರೆಗೂ ಮಾತಾಡಕೂಡದು ಎಂದು ತಾಕೀತು ಮಾಡಿ ಕಳಿಸಿದರು. ನನ್ನ ಬಾಯಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಮದುವೆಯಾದ ಹೊಸದರಲ್ಲಿ ಮಾತ್ರ. ಮನೆಗೆ ಬಂದವಳೇ ತಂಗಿಯ ಮೊಮ್ಮಗಳ ಪಾಟಿ ಕಸಿದುಕೊಂಡು ಬರೆಯಲು ಕುಳಿತೆ. ಪಾಟಿ ಸಾಲಲಿಲ್ಲ, ಆಮೇಲೆ ಈ ವಹಿ ಹಿಡಿದೆ. ತವರೂರು ನಿಡಸೋಸಿಯಲ್ಲಿ ಕಲಿತ ನಾಲ್ಕಕ್ಷರ ಹೀಗೆ ಉಪಯೋಗಕ್ಕೆ ಬಂತು.

ಅದು ಮಾನಮೋಡಿಯ ವರ್ಷ. ದೊಡ್ಡ ಯುದ್ಧ ಮುಗಿಯುವ ಹೊತ್ತಿಗೆ ದೇಶದ ತುಂಬ ಹಬ್ಬಿದ ಜ್ವರಕ್ಕೆ ನಮ್ಮ ಕಡೆ ಇಟ್ಟ ಹೆಸರು ಅದು. ಮಾನ ಅಂದರೆ ಮರಾಠಿಯಲ್ಲಿ ಕುತ್ತಿಗೆ. ಕುತ್ತಿಗೆ ಮುರಿಯುವ ಜ್ವರ ಅಂತ ಅದರ ಅರ್ಥ. ನಮ್ಮೂರು ಘೋಡಗೇರಿಯ ಜನ ಅದನ್ನು ಕನ್ನಡದ ಮಾನ ಅಂದುಕೊಂಡರು. ಮನೆತನದ ಮಾನ ಕಳೆಯುವ ಬೇನೆ ಅಂತ ತಿಳಿದು, ಜ್ವರ ಬಂದವರನ್ನು ಒಳಕೋಣೆಯಲ್ಲಿ ಮುಚ್ಚಿಟ್ಟರು. ಕೇಳಿದರೆ "ತವರಿಗೆ ಹೋಗ್ಯಾಳ" ಅನ್ನುತ್ತಿದ್ದರು, ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಒಂದು ಶಬ್ದವನ್ನು ತಪ್ಪು ತಿಳಿದದ್ದಕ್ಕೆ ಎಷ್ಟು ಜೀವ ಹೋದವೋ, ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಮಳೆ ಆ ವರ್ಷ ಶ್ರಾವಣಕ್ಕೇ ಕೈಕೊಟ್ಟಿತ್ತು. ಗೋಕಾಕದ ಧಬಧಬೆ ಮೈತುಂಬಿ ಬೀಳಬೇಕಾದ ಭಾದ್ರಪದದಲ್ಲಿ ಬರೀ ಬಂಡೆ ಕಾಣುತ್ತಿತ್ತು. ಹಗಲೆಲ್ಲ ಧೂಳು, ಬೆಳಗಾದರೆ ಹೊತ್ತಲ್ಲದ ಹೊತ್ತಿನ ಚಳಿ. ಎಲ್ಲರೂ ಧೂಳಿಗೇ ಕೆಮ್ಮುತ್ತಿದ್ದುದರಿಂದ, ಹೊಸ ಕೆಮ್ಮು ಬಂದದ್ದು ಯಾರ ಗಮನಕ್ಕೂ ಬರಲಿಲ್ಲ.

ನನ್ನ ಗಂಡ ರಾಚಪ್ಪ ಹಡಪದರವ. ಊರಲ್ಲಿ ಕ್ಷೌರ, ಸಂತೆಯಲ್ಲಿ ಹಲ್ಲು ಕೀಳುವುದು, ಇವೆರಡೇ ಅವನ ಕಸುಬು. ಬೇವಿನ ಮರದ ಬುಡದಲ್ಲಿ ಗೋಣಿತಟ್ಟು ಹಾಸಿ, ಮೂರು ಇಕ್ಕಳ, ಒಂದು ತಂಬಿಗೆ ನೀರು, ಒಂದು ಹಿಡಿ ಉಪ್ಪು, ಸ್ವಲ್ಪ ಲವಂಗದ ಎಣ್ಣೆ ಇಟ್ಟುಕೊಂಡು ಕೂಡುತ್ತಿದ್ದ. ಕೈ ಚುರುಕು, ಮಾತು ಇನ್ನೂ ಚುರುಕು. ಬಂದವನ ಎತ್ತಿನ ಸುದ್ದಿ ಕೇಳುತ್ತ ಕೇಳುತ್ತ ಹಲ್ಲು ಕಿತ್ತು ಅವನ ಅಂಗೈಯಲ್ಲೇ ಇಡುತ್ತಿದ್ದ. ಇಕ್ಕಳವನ್ನು ಹೆಗಲ ಮೇಲಿನ ವಸ್ತ್ರಕ್ಕೆ ಒರೆಸಿದರೆ ಮುಗಿಯಿತು, ಮುಂದಿನವರು ಬರಬಹುದು.

ಆ ಇಕ್ಕಳದ ವಿಷಯ ಇಲ್ಲೇ ಹೇಳಿಬಿಡಬೇಕು. ನಮ್ಮೂರಲ್ಲಿ ಯಾರ ಬಾವಿ ಯಾರು ಮುಟ್ಟಬೇಕು, ಯಾರ ತಂಬಿಗೆಯಿಂದ ಯಾರು ಕುಡಿಯಬೇಕು ಎಂಬುದಕ್ಕೆ ಕಟ್ಟಳೆ ಇತ್ತು. ಹೊರಗಿನ ಕೇರಿಯವರಿಗೆ ನೀರನ್ನು ಮೇಲಿನಿಂದ ಸುರಿಯುತ್ತಿದ್ದರು. ಆದರೆ ಹಲ್ಲುಬೇನೆ ಎದ್ದಾಗ ಎಲ್ಲರ ಬಾಯಿಗೂ ಹೋಗುತ್ತಿದ್ದುದು ಅದೇ ಮೂರು ಇಕ್ಕಳ. ಹೊರಗಿನ ಕೇರಿಯವರು ಹುಕ್ಕೇರಿ ಸಂತೆಗೆ ಬಂದು ಮರದ ಹಿಂಬದಿಗೆ ಕೂತು ಕೀಳಿಸಿಕೊಳ್ಳುತ್ತಿದ್ದರು. ಯಾರಾದರೂ ಕೇಳಿದ್ದರೆ ರಾಚಪ್ಪ ಏನು ಹೇಳುತ್ತಿದ್ದನೋ ಗೊತ್ತಿಲ್ಲ. ಯಾರೂ ಕೇಳಲಿಲ್ಲ. ದವಡೆ ಸಿಡಿಯುವಾಗ ಕೇಳುವ ವ್ಯವಧಾನ ಯಾರಿಗಿರುತ್ತದೆ?

ಮಹಾನವಮಿಗೆ ಸ್ವಲ್ಪ ಮೊದಲು ಮೂಡಲಗಿ ಸಂತೆಯಲ್ಲಿ ರಾಚಪ್ಪ ಐದು ಮಂದಿಯ ಹಲ್ಲು ಕಿತ್ತ. ಮೊದಲು ಕೂತವನು ಪಲ್ಟಣಿನಿಂದ ರಜೆಯ ಮೇಲೆ ಬಂದ ಸಿಪಾಯಿ, ಕೆಮ್ಮುತ್ತಲೇ ಕೂತಿದ್ದನಂತೆ. ಮೂರನೆಯ ದಿನ ರಾಚಪ್ಪ ಮಲಗಿದ. ಮೈ ಕೆಂಡ, ಮೂಗಿನಿಂದ ರಕ್ತ, ಕುತ್ತಿಗೆ ಎತ್ತಲಾಗದು. ಆ ವಾರದಲ್ಲೇ ಸಂತೆಯಿಂದ ಸುದ್ದಿ ಬಂತು. ಸಿಪಾಯಿ ಸತ್ತಿದ್ದ. ಅವನ ನಂತರ ಕೂತವನು, ಅವನ ನಂತರ ಕೂತವಳು, ಇಬ್ಬರೂ ಸತ್ತಿದ್ದರು. ನಾಲ್ಕನೆಯವನು ಹಾಸಿಗೆ ಹಿಡಿದಿದ್ದ. ಐದನೆಯವನಿಗೆ ಮಾತ್ರ ಏನೂ ಆಗಿರಲಿಲ್ಲ. ಕೂತ ಸರದಿಯಲ್ಲೇ ಬಿದ್ದಿದ್ದರು. ನಾನು ಗಂಡನ ಹಣೆಗೆ ತಣ್ಣೀರ ಪಟ್ಟಿ ಹಾಕುತ್ತ ಆ ಸರದಿಯನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೆ.

ಬೇನೆ ಉಸಿರಿನಿಂದ ಹೋಯಿತೋ ಕಬ್ಬಿಣದಿಂದ ಹೋಯಿತೋ ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಖಂಡಿತವಾಗಿ ಹೇಳಲಾರೆ. ಹೆಚ್ಚಾಗಿ ಉಸಿರಿನಿಂದಲೇ ಅನ್ನುತ್ತಾರೆ ಓದಿದವರು. ನಾನು ಮಾತ್ರ ಎರಡು ಬಾಗಿಲನ್ನೂ ಮುಚ್ಚಬೇಕು ಅಂದುಕೊಂಡೆ. ಅದಕ್ಕೆ ಎರಡು ವರ್ಷ ಮೊದಲು ನನ್ನ ಚೊಚ್ಚಲ ಹೆರಿಗೆ ಕಷ್ಟವಾಗಿ, ದೂರದ ಒಂದು ದವಾಖಾನೆಯಲ್ಲಿ ಮೂರು ವಾರ ಮಲಗಿದ್ದೆ. ಮಗು ಉಳಿಯಲಿಲ್ಲ, ನಾನು ಉಳಿದೆ. ಮಲಗಿದಲ್ಲಿಂದ ನೋಡಲು ಅಲ್ಲಿ ಇದ್ದದ್ದು ಒಂದೇ: ನರ್ಸಬಾಯಿ ದಿನವೂ ಕತ್ತರಿ ಚಿಮಟಗಳನ್ನು ಕುದಿಸುವುದು, ಬಾಯಿಗೆ ಅರಿವೆ ಕಟ್ಟಿಕೊಳ್ಳುವುದು, ಕೈ ತಿಕ್ಕಿ ತಿಕ್ಕಿ ತೊಳೆಯುವುದು. ಒಂದು ದಿನ ಯಾಕೆ ಅಂತ ಕೇಳಿದ್ದೆ. "ಒಬ್ಬರ ಬೇನಿ ಇನ್ನೊಬ್ಬರಿಗೆ ಕೊಡಬಾರದಲ್ಲ ತಂಗಿ" ಅಂದಿದ್ದಳು. ನನ್ನ ಡಾಕ್ಟರಕಿಯ ಓದು ಇಷ್ಟೇ.

ರಾಚಪ್ಪ ಹದಿನೈದು ದಿನಕ್ಕೆ ಎದ್ದು ಕೂತ, ಆದರೆ ಕೈ ನಡುಗುತ್ತಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಮುಂದಿನ ಬೇಸಿಗೆಯನ್ನು ಅವನು ದಾಟಲಿಲ್ಲ. ಅಷ್ಟರಲ್ಲಿ ಸಂತೆಗಳೆಲ್ಲ ನಿಂತಿದ್ದವು. ಹಲ್ಲುಬೇನೆ ನಿಂತಿರಲಿಲ್ಲ. ಜನ ನಮ್ಮ ಬಾಗಿಲಿಗೇ ಬರತೊಡಗಿದರು. ಇಕ್ಕಳ ಬಿಟ್ಟರೆ ನಮಗೆ ಬೇರೆ ಆಸರೆ ಇರಲಿಲ್ಲ, ಅದನ್ನು ಹಿಡಿಯುವ ಕೈ ಮನೆಯಲ್ಲಿ ಉಳಿದಿದ್ದದ್ದು ನನ್ನದೊಂದೇ.

"ನೀ ಕಿತ್ತೀಯೇನ ಗಂಗಿ?" ಅಂದ ರಾಚಪ್ಪ.

"ಆರ ವರ್ಷ ನಿಮ್ಮ ಬಾಜೂಕ ಕುಂತ ನೋಡೇನ್ರಿ. ಬರೇ ಉಪ್ಪ ಕಟ್ಟಿ ಕೊಡಾಕ ಕುಂತಿದ್ನೇನು?"

ಅವನು ಮಲಗಿದಲ್ಲಿಂದಲೇ ನನ್ನ ಕೈ ಹಿಡಿದು, ಹಲ್ಲನ್ನು ಎಳೆಯಬಾರದು, ಮೊದಲು ಬುಡ ಅಲುಗಿಸಬೇಕು, ಆಮೇಲೆ ತಿರುವಬೇಕು ಅಂತ ತೋರಿಸಿಕೊಟ್ಟ. ನಾನು ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆ. ಅದರ ಮೇಲೆ ಗಡಿಗೆ, ಗಡಿಗೆಯಲ್ಲಿ ನೀರು, ನೀರಲ್ಲಿ ಇಕ್ಕಳ. ಗಡಿಯಾರ ಎಲ್ಲಿಂದ ಬರಬೇಕು? ಐದು ರೊಟ್ಟಿ ಬೇಯುವಷ್ಟು ಹೊತ್ತು ಕುದಿಯಬೇಕು ಅಂತ ಕಟ್ಟು ಮಾಡಿಕೊಂಡೆ. ಒಬ್ಬೊಬ್ಬರ ಬಾಯಿಂದ ಬಂದ ಮೇಲೆಯೂ ಅಷ್ಟೇ ಹೊತ್ತು. ಬಂದವರು ಒಳಗೆ ಬರಬಾರದು, ಬಯಲಲ್ಲಿ ಕಲ್ಲಿನ ಮೇಲೆ ಕೂಡಬೇಕು. ಬಾಯಿ ಮುಕ್ಕಳಿಸಲು ಅವರವರ ತಂಬಿಗೆ ಅವರೇ ತರಬೇಕು. ಉಗುಳುವುದಕ್ಕೊಂದು ತೆಗ್ಗು, ಅದರ ಮೇಲೆ ಬೂದಿ. ನನ್ನ ಮೂಗು ಬಾಯಿಗೆ ಎರಡು ಮಡಿಕೆಯ ಅರಿವೆ.

ಮೊದಲ ದಿನವೇ ಫಜೀತಿ. ದಡ್ಡಿ ಎಂಬ ಊರಿನಿಂದ ಒಬ್ಬ ಹಿರಿಯರು ಕೆನ್ನೆಗೆ ರುಮಾಲು ಸುತ್ತಿಕೊಂಡು ಬಂದು ಕೂತರು. ಗಡಿಗೆಯಿಂದ ಹೊಗೆಯಾಡುವ ಕಬ್ಬಿಣ ಎತ್ತಿದ್ದನ್ನು ನೋಡಿದ್ದೇ ತಡ, ಎದ್ದು ನಿಂತರು. ನಮ್ಮ ಕಡೆ ಕಾಮಾಲೆಗೂ ಹೊಟ್ಟೆನೋವಿಗೂ ಕಾದ ಕಬ್ಬಿಣದಿಂದ ಬರೆ ಹಾಕುವ ರೂಢಿ. "ಬಾಯಾಗ ಬರಿ ಹಾಕ್ತಾಳೋ ಯಪ್ಪಾ" ಅನ್ನುತ್ತ ರುಮಾಲನ್ನು ಅಲ್ಲೇ ಬಿಟ್ಟು ಹೊರಟರು. ಆ ಸುದ್ದಿ ಅವರಿಗಿಂತ ಮೊದಲೇ ದಡ್ಡಿ ಮುಟ್ಟಿತ್ತಂತೆ. ಮರುದಿನದಿಂದ ಇಕ್ಕಳವನ್ನು ತಣ್ಣಗಾಗುವವರೆಗೆ ಬಿಟ್ಟು, ಬಂದವರ ಕೈಗೇ ಮುಟ್ಟಿಸಿ ತೋರಿಸಿ, ಮತ್ತೆ ಬಿಸಿನೀರಲ್ಲಿ ಅದ್ದಿ ತೆಗೆಯತೊಡಗಿದೆ.

ಬಾಯಿಗೆ ಕಟ್ಟಿದ ಅರಿವೆಗೂ ತಕರಾರು. "ನಮ್ಮ ಬಾಯಿ ನಾರತೈತೇನು?" ಅಂತ ಒಬ್ಬಾಕೆ ಮುಖ ಊದಿಸಿದಳು.

"ನಾರತೈತ್ರಿ. ಹುಳಕ ಹಲ್ಲಿನ ಬಾಯಿ ಯಾರದಾದರೂ ನಾರತೈತಿ. ಅರಿವಿ ಅದಕ್ಕ ಕಟ್ಟಿಲ್ಲ. ನನ್ನ ಉಸರ ನಿಮಗ ಹತ್ತಬಾರದು, ನಿಮ್ಮ ಉಸರ ನನಗ ಹತ್ತಬಾರದು ಅಂತ ಕಟ್ಟೇನಿ" ಅಂದೆ. ಆಕೆ ಕೂತಳು. ಸಿಟ್ಟಿನಲ್ಲಿದ್ದುದರಿಂದ ಹಲ್ಲು ಬಂದದ್ದೂ ಗೊತ್ತಾಗಲಿಲ್ಲ.

ಎದುರು ಮನೆಯ ನೀಲವ್ವ ದಿನಾ ಹಾದುಹೋಗುವಾಗ ಒಂದು ಕಣ್ಣು ಗಡಿಗೆಯ ಮೇಲೆ ಹಾಕುತ್ತಿದ್ದಳು. "ಏನವಾ ಗಂಗವ್ವ, ಇವತ್ತೂ ಕಬ್ಬಿಣದ ಸಾರೇನು? ಉಪ್ಪ ಖಾರ ಸರಿ ಹಾಕೀಯಿಲ್ಲ?" ಅನ್ನುವಳು. ಊರೆಲ್ಲ ಅದನ್ನೇ ಹಿಡಿದುಕೊಂಡಿತು. ನಾನು "ನಿನ್ನ ಸಾರಿಗಿಂತ ರುಚಿ ಆಗೇತಿ, ಬಾ" ಅನ್ನುತ್ತಿದ್ದೆ. ಇಲ್ಲಿಯವರೆಗೆ ಎಲ್ಲ ನಗುವಿನಲ್ಲೇ ಹೋಯಿತು.

ಕೆಟ್ಟದ್ದು ಒಂದು ಪ್ರಶ್ನೆಯಿಂದ. ಒಂದು ಮಧ್ಯಾಹ್ನ ಗೌಡರ ಮನೆಯ ಅಳಿಯ ಬಂದು ಕೂತಿದ್ದ. ನಾನು ಇಕ್ಕಳವನ್ನು ಗಡಿಗೆಗೆ ಹಾಕಿ ಕಾಯುತ್ತಿದ್ದೆ. ಸುಮ್ಮನೆ ಕೂತವನಿಗೆ ತಲೆಯಲ್ಲಿ ಹುಳ ಹೊಕ್ಕಿತು.

"ಇದನ್ನ ಯಾಕ ಕುದಸ್ತೀ?"

"ಒಬ್ಬರ ಬಾಯಾಗಿಂದ ಇನ್ನೊಬ್ಬರ ಬಾಯಿಗೆ ಬ್ಯಾನಿ ಹೋಗಬಾರದಂತ."

"ಹಂಗಾರ ಇದು ಇನ್ನೊಬ್ಬರ ಬಾಯಾಗ ಇತ್ತು."

"ಮತ್ತ? ಅದೇನ ದೇವರ ಕ್ವಾಣ್ಯಾಗ ಇತ್ತೇನ್ರಿ?"

"ಯಾರ ಬಾಯಾಗ?"

ಮೂರು ತಲೆಮಾರು ಯಾರೂ ಕೇಳದ ಮಾತನ್ನು ನನ್ನ ಗಡಿಗೆ ಕೇಳಿಸಿತ್ತು. ಕುದಿಸದೆ ಇದ್ದಾಗ ಆ ಕಬ್ಬಿಣ ಎಲ್ಲರಿಗೂ ಆಗಷ್ಟೇ ಮುಗಿಲಿನಿಂದ ಬಿದ್ದದ್ದು. ತೊಳೆದು ತೋರಿಸಿದ ಮೇಲೆ ಅದು ಇನ್ನೊಬ್ಬರ ಎಂಜಲಾಯಿತು. ಆ ಕ್ಷಣ ನಾನು ನೆತ್ತಿಗೇರಿದ ಹುಂಬತನದಲ್ಲಿದ್ದೆ. ಸುಳ್ಳು ಯಾಕೆ ಹೇಳಬೇಕು, ಹೆದರಿಕೆ ಯಾರದು ಅನ್ನಿಸಿತು. ಹೇಳಿಬಿಟ್ಟೆ: ಹೊರಗಿನ ಕೇರಿಯ ಯಲ್ಲವ್ವನ ಬಾಯಿಯಲ್ಲಿತ್ತು, ಬೆಳಿಗ್ಗೆ ದವಡೆ ಹಲ್ಲು ತೆಗೆದೆ.

ಅವನು ಎದ್ದು ಮೂರು ಸಲ ಉಗುಳಿದ. ಇಕ್ಕಳ ಇನ್ನೂ ಅವನ ಬಾಯಿಯನ್ನು ಮುಟ್ಟಿರಲೇ ಇಲ್ಲ.

ಸಂಜೆಯೊಳಗೆ ಗೌಡರೇ ನಾಲ್ಕು ಹಿರಿಯರನ್ನು ಕಟ್ಟಿಕೊಂಡು ಬಂದರು. ಗೌಡರೆಂದರೆ ಊರಿನ ಯಜಮಾನಿಕೆ ಅವರದು, ಅವರ ಮಾತಿಗೆ ಎದುರಾಡಿದವರನ್ನು ನಾನಂತೂ ನೋಡಿರಲಿಲ್ಲ. ಅಂಗಳದಲ್ಲಿ ನಿಂತೇ ಹೇಳಿದರು: "ನಡದದ್ದು ನಡದ್ಹೋತು. ಮೂರ ಇಕ್ಕಳ ಅದಾವಲ್ಲ ನಿನ್ನ ಕಡೆ? ಒಂದ ಆ ಕೇರಿಯವರಿಗೆ ತಗದಿಡು. ಉಳದದ್ದು ನಮಗ. ಮುಗೀತು."

ಒಪ್ಪಬಹುದಿತ್ತು. ಒಳಗಿನಿಂದ ರಾಚಪ್ಪ ಕೂಡ ಕೆಮ್ಮಿನ ನಡುವೆ "ಹೂಂ ಅನ್ನ ಗಂಗಿ, ಹೂಂ ಅನ್ನ" ಅನ್ನುತ್ತಿದ್ದ. ಆದರೆ ಮೂರು ಇಕ್ಕಳ ಮೂರು ಬೇರೆ ಬೇರೆ ಹಲ್ಲಿಗೆ. ದವಡೆ ಹಲ್ಲಿಗೆ ಇದ್ದದ್ದು ಒಂದೇ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಬೇರೆ ಇಟ್ಟರೆ ಇವರು ಅದನ್ನೇ ಶುದ್ಧ ಅಂದುಕೊಳ್ಳುತ್ತಾರೆ. ನಮ್ಮ ನಮ್ಮವರದೇ ಬಾಯಿ, ಕುದಿಸುವುದು ಯಾಕೆ ಅನ್ನುತ್ತಾರೆ. ಮೂಡಲಗಿಯಲ್ಲಿ ಸರದಿಯಲ್ಲಿ ಸತ್ತವರು ಒಂದೇ ಓಣಿಯ ಜನ, ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುವವರು.

"ಆಗೂದಿಲ್ರಿ ಗೌಡ್ರ" ಅಂದೆ. "ನಿಮ್ಮ ಓಣಿ ಕೆಮ್ಮು ನಿಮ್ಮವರದಂತ ನಿಮ್ಮನ್ನ ಬಿಡತೈತೇನ್ರಿ? ಒಂದ ಗಡಿಗಿ, ಒಂದ ನೀರು, ಬಂದವರಿಗೆಲ್ಲ ಅದ. ಬ್ಯಾಡಾದವರು ಹಲ್ಲ ಇಟಗೊಂಡ ಇರ್ರಿ."

ಗೌಡರು ನನ್ನ ಕಡೆ ನೋಡಲೂ ಇಲ್ಲ. ಬಾಗಿಲ ಕಡೆ ತಿರುಗಿ, ಒಳಗಿದ್ದ ರಾಚಪ್ಪನಿಗೆ ಕೇಳುವಂತೆ, "ಈ ಅಂಗಳ ಯಾರೂ ತುಳೀಬಾರದು" ಅಂದು ಹೋದರು.

ಯಾರೂ ತುಳಿಯಲಿಲ್ಲ. ನೀಲವ್ವ ಕೂಡ ಆ ಬದಿಯಿಂದ ಹಾದು ಹೋಗತೊಡಗಿದಳು. ಆಕೆಯ ಚೇಷ್ಟೆ ಇಲ್ಲದೆ ದಿನ ಬಿಕೋ ಅನ್ನುತ್ತಿತ್ತು. ನಾನು ಮಾತ್ರ ಬೆಳಗಾದರೆ ಒಲೆ ಹೊತ್ತಿಸಿ ಇಕ್ಕಳ ಕುದಿಸುತ್ತಿದ್ದೆ. ಬರುವವರಿಲ್ಲದಿದ್ದರೂ ಹೊಗೆ ಏಳಬೇಕು, ಊರು ನೋಡಬೇಕು ಅನ್ನುವ ಹಟ. ರಾಚಪ್ಪ ಬೈದ, ಕೆಮ್ಮಿದ, ಆಮೇಲೆ ಸುಮ್ಮನಾದ. ಒಂದು ದಿನ ತಾನೇ ತೆವಳಿ ಬಂದು ಒಲೆಯೊಳಗೆ ಕಟ್ಟಿಗೆ ತಳ್ಳಿದ. ನನಗೆ ಅಷ್ಟು ಸಾಕಾಯಿತು.

ನಾಲ್ಕೈದು ದಿನ ಕಳೆದ ಮೇಲೆ ಯಲ್ಲವ್ವ ಬಂದಳು. ಅಂಗಳದ ಹೊರಗೇ ನಿಂತಳು. ಆಕೆ ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಮಾಡಿದ್ದಕ್ಕೆ ಮೆಚ್ಚಿ ಬಂದಿದ್ದಾಳೆ ಅಂತಲೇ ತಿಳಿದು, ಬಾ ಕೂಡು ಅಂದೆ.

"ಕೂಡಾಕ ಬಂದಿಲ್ಲ" ಅಂದಳು. "ನನ್ನ ಹೆಸರ ಯಾಕ ಹೇಳಿದೆವ್ವ?"

"ಖರೇನ ಹೇಳಿದ್ನಿ ಯಲ್ಲವ್ವ. ಹೆದರಿ ಸುಳ್ಳ ಹೇಳಬೇಕಿತ್ತೇನು?"

"ನೀ ಖರೇ ಹೇಳಿದಿ, ಪೆಟ್ಟ ನನ್ನ ಗಂಡಗ ಬಿದ್ವು. ಚಾವಡಿ ಮುಂದ ನಿಂದರಿಸಿ ಹೊಡದ್ರು. ಸುಗ್ಗಿ ಕೆಲಸಕ್ಕ ನಮ್ಮನ್ನ ಕರೀಬಾರದಂತ ಹೇಳ್ಯಾರ. ನಿನ್ನ ಧೈರ್ಯ ನಿನ್ನ ಕಡೆ ಇರವಲ್ದ್ಯಾಕ, ನನ್ನ ಬೆನ್ನ ಮ್ಯಾಲ ಯಾಕ ಹೊರಸ್ತೀ?"

ನಾನು ಬಾಯಿಗೆ ಕಟ್ಟಿದ ಅರಿವೆಯನ್ನು ಬಿಚ್ಚಬೇಕೋ ಬೇಡವೋ ತಿಳಿಯದೆ ನಿಂತೆ. ಊರನ್ನೆಲ್ಲ ಎದುರು ಹಾಕಿಕೊಂಡೆ ಅಂತ ಎದೆಯುಬ್ಬಿಸಿಕೊಂಡಿದ್ದವಳಿಗೆ ಈ ಕಡೆಯ ಲೆಕ್ಕವೇ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ನಾಚಿಕೆ ನನಗೆ ಆಮೇಲೆ ಎಂದೂ ಆಗಿಲ್ಲ.

"ತಪ್ಪಾತು" ಅಂದೆ. "ಈಗ ಏನ ಮಾಡ್ಲಿ, ನೀನ ಹೇಳ."

"ಇನ್ನ ಮ್ಯಾಲ ಯಾರರ ಕೇಳಿದ್ರ, ಯಾರ ಹೆಸರೂ ಹೇಳಬ್ಯಾಡ. ನಮ್ಮದೂ ಬ್ಯಾಡ, ಅವರದೂ ಬ್ಯಾಡ. ಕುದ್ದೈತಿ ಅನ್ನ, ಅಷ್ಟ. ನಂಬೋರು ಅದನ್ನ ನಂಬಬೇಕು."

ಹೊರಟವಳು ಮತ್ತೆ ತಿರುಗಿ, ತಂಗಿಗೂ ದವಡೆ ಬಾತಿದೆ, ನಾಳೆ ಕಳಿಸಲೋ ಅಂತ ಕೇಳಿದಳು. ಅಷ್ಟಾದ ಮೇಲೂ ಆಕೆ ಆ ಮಾತು ಕೇಳಿದಳಲ್ಲ, ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತೆ. ಇಲ್ಲಿ ಒಂದು ಮಾತು: ಯಲ್ಲವ್ವ ಅನ್ನುವುದು ನಾನಿಟ್ಟ ಹೆಸರು. ಆಕೆಯ ಖರೆ ಹೆಸರನ್ನು ಈ ವಹಿಯಲ್ಲಿಯೂ ಬರೆಯುವುದಿಲ್ಲ.

ದೀಪಾವಳಿ ಬಂದು ಹೋಯಿತು, ಯಾರ ಮನೆಯಲ್ಲೂ ಹೋಳಿಗೆಯ ವಾಸನೆ ಬರಲಿಲ್ಲ. ಸಾವು ನಮ್ಮ ಓಣಿಯನ್ನು ಮುಗಿಸಿ ಮುಂದಿನ ಓಣಿಗೆ ಹೋಗಿತ್ತು. ಗೌಡರ ಮಾತು ಮೀರಿ ಬರುತ್ತಿದ್ದವರು ಹೊರಗಿನ ಕೇರಿಯವರು ಮತ್ತು ದಾರಿಹೋಕರು ಮಾತ್ರ. ಮೂಡಲಗಿಯಲ್ಲಿ ಹಲ್ಲು ಕೀಳುತ್ತಿದ್ದ ಇನ್ನೊಬ್ಬನಿದ್ದ, ಅವನೂ ಜ್ವರಕ್ಕೆ ಹೋದ. ಹುಕ್ಕೇರಿಯ ದವಾಖಾನೆಯಲ್ಲಿ ಜ್ವರದವರಿಗೇ ಮಲಗಲು ನೆಲ ಇರಲಿಲ್ಲ, ಹಲ್ಲಿನವರನ್ನು ಕೇಳುವವರ್ಯಾರು?

ಆಗ ಗೌಡರ ದವಡೆ ಬಾತಿತು.

ಮೊದಲು ಆಳು ಬಂದ. ಗೌಡರ ವಾಡೆಗೆ ಹಿತ್ತಿಲ ಬಾಗಿಲಿಂದ ಬರಬೇಕಂತೆ, ಇಕ್ಕಳ ತರಬೇಕಂತೆ. "ಗಡಿಗಿ ಹೊತಗೊಂಡ ಬರಾಕ ಆಗೂದಿಲ್ಲ. ಇಲ್ಲೇ ಬರಾಕ ಹೇಳ, ಬಯಲಾಗ ಗಾಳಿ ಐತಿ" ಅಂದು ಕಳಿಸಿದೆ. ಎರಡು ದಿನ ಸುದ್ದಿ ಇಲ್ಲ. ಮೂರನೆಯ ದಿನ ಊಟದ ಹೊತ್ತಿನಲ್ಲಿ, ಓಣಿಯಲ್ಲಿ ಯಾರೂ ಇಲ್ಲದ್ದು ನೋಡಿ, ಗೌಡರೇ ಬಂದರು. ಎಡಗೆನ್ನೆ ಉಬ್ಬಿ ಕಣ್ಣು ಮುಚ್ಚಿಹೋಗಿತ್ತು. ಮೂರು ದಿನದಿಂದ ಗಂಜಿಯೂ ಇಳಿದಿರಲಿಲ್ಲ. ಹೀಗೆ ಬಾತು ಕುತ್ತಿಗೆಗಿಳಿದರೆ ಜೀವಕ್ಕೇ ಎರವು ಅನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪಂಚೆಯ ಮಡಿಕೆಯಿಂದ ಒಂದು ಗಂಟು ಬಿಚ್ಚಿದರು. ಹೊಚ್ಚ ಹೊಸ ಇಕ್ಕಳ.

"ಕಂಬಾರಗ ಹೇಳಿ ಮಾಡಿಸೇನಿ. ಯಾರೂ ಮುಟ್ಟಿಲ್ಲ. ಇದರಾಗ ಕೀಳ" ಅಂದರು. ಮಾತು ಅರ್ಧ ಬಾಯಲ್ಲೇ ಉಳಿಯುತ್ತಿತ್ತು.

"ಕೀಳ್ತೀನ್ರಿ. ಇದನ್ನೂ ಕುದಸ್ತೀನಿ."

"ಹೊಸಾದಲ್ಲ ಅದು."

"ಕಂಬಾರ ಕೈಯಾಗ ಹಿಡದ ಮಾಡ್ಯಾನಲ್ರಿ. ಅವನೂ ಕೆಮ್ಮಾಕತ್ತಾನ."

ಐದು ರೊಟ್ಟಿಯ ಹೊತ್ತು ಅವರು ಬಿಸಿಲಲ್ಲಿ ಕಲ್ಲಿನ ಮೇಲೆ ಕೂತರು. ಆ ಕಡೆ ನೀಲವ್ವನ ಬಾಗಿಲು ಸ್ವಲ್ಪ ತೆರೆಯಿತು, ಅದರ ಆಚೆಯ ಬಾಗಿಲೂ ತೆರೆಯಿತು. ಗೌಡರಿಗೆ ಬೆನ್ನ ಹಿಂದೆ ಏನಾಗುತ್ತಿದೆ ಅಂತ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಕಂಬಾರ ಎತ್ತಿನ ಲಾಳ ಕೀಳುವ ಇಕ್ಕಳ ಮಾಡಿ ರೂಢಿಯಿದ್ದವನು. ಅವನು ಮಾಡಿದ್ದರ ತುದಿ ಒಂದಕ್ಕೊಂದು ಕೂಡುತ್ತಿರಲಿಲ್ಲ. ಹಿಡಿದು ಅಲುಗಿಸಿದ ಕೂಡಲೇ ಜಾರಿ ಒಸಡಿಗೆ ತಾಗಿತು. ಗೌಡರು ಕಲ್ಲಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಎರಡನೆಯ ಸಲವೂ ಜಾರಿತು. ನಾನು ಅದನ್ನು ಕೆಳಗಿಟ್ಟೆ.

"ಇದು ನಿಮ್ಮ ಹಲ್ಲಿಗೆ ಬರೂದಿಲ್ರಿ. ಜೋರ ಮಾಡಿದ್ರ ಹಲ್ಲ ಮುರದ ಬೇರ ಒಳಗ ಉಳಿತೈತಿ. ನನ್ನ ಇಕ್ಕಳ ಗಡಿಗ್ಯಾಗ ಐತಿ."

ಅವರು ಗಡಿಗೆಯ ಕಡೆ ನೋಡಿದರು. ಬಾಯಿಂದ ಜೊಲ್ಲಿನ ಜೊತೆ ರಕ್ತ ಇಳಿಯುತ್ತಿತ್ತು. ನನಗೆ ಅವರ ಮೇಲೆ ಕನಿಕರ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಆದರೆ ಯಲ್ಲವ್ವನ ಗಂಡನ ಬೆನ್ನೂ ಕಣ್ಣ ಮುಂದೆ ಬಂತು.

"ಯಾರ ಬಾಯಾಗಿಂದು ಅದು?" ಅಂದರು.

"ಅದನ್ನ ಹೇಳೂದಿಲ್ರಿ."

"ಅವತ್ತ ಹೇಳಿದ್ದಿಯಲ್ಲ?"

"ಅವತ್ತ ಹೇಳಿ ತಪ್ಪ ಮಾಡಿದ್ನಿ. ಆ ತಪ್ಪಿಗೆ ಪೆಟ್ಟ ತಿಂದವರು ಬ್ಯಾರೆ. ನಾಳೆ ಈ ಕಲ್ಲಿನ ಮ್ಯಾಲ ಯಾರರ ಬಂದ ಕುಂತ, ಇದು ಯಾರ ಬಾಯಾಗಿತ್ತು ಅಂತ ಕೇಳಿದ್ರ ನಿಮ್ಮ ಹೆಸರೂ ಹೇಳೂದಿಲ್ಲ. ಅವರ ಹೆಸರ ನಿಮಗೂ ಹೇಳೂದಿಲ್ಲ. ಕೇಳೂದ ಆದ್ರ ಇನ್ನೊಂದ ಮಾತ ಐತಿ, ಅದನ್ನ ಕೇಳ್ರಿ."

"ಏನದು?"

"ಕುದ್ದೈತೇನು ಅಂತ ಕೇಳ್ರಿ. ಅದಕ್ಕ ನನ್ನ ಕಡೆ ಉತ್ತರ ಐತಿ."

ಒಳಗೆ ರಾಚಪ್ಪನ ಕೆಮ್ಮು ನಿಂತಿತು. ಅವನೂ ಕಿವಿಗೊಟ್ಟಿದ್ದ. ಗೌಡರು ತಲೆ ತಗ್ಗಿಸಿ ಕೂತರು. ಎದ್ದು ಹೋಗುತ್ತಾರೆ ಅಂತ ನನಗೆ ಖಾತ್ರಿಯಾಯಿತು. ಹೋದರೆ ಅವರ ಜೀವ ಹೋಗುತ್ತದೆ, ಅವರ ಹಿಂದೆಯೇ ನನ್ನ ಕಸುಬೂ ಹೋಗುತ್ತದೆ; ಗಂಗಿಯ ಹಟಕ್ಕೆ ಗೌಡರು ಸತ್ತರು ಅನ್ನುತ್ತದೆ ಊರು. ಒಂದು ಹೆಸರು ಹೇಳಿಬಿಟ್ಟರೆ, ಅವರದೇ ಓಣಿಯ ಯಾರದೋ ಒಂದು ಸುಳ್ಳು ಹೆಸರು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಮಾತು ತುಟಿಯವರೆಗೆ ಬಂದಿತ್ತು. ಅರಿವೆಯ ಹಿಂದೆ ಹಲ್ಲು ಕಚ್ಚಿಕೊಂಡು ನಿಂತೆ.

ಅವರು ತಲೆಯೆತ್ತಿ, ಏಳಲೆಂದು ಓಣಿಯ ಕಡೆ ತಿರುಗಿದರು. ಆಗಲೇ ಓಣಿಯ ಬಾಗಿಲುಗಳಲ್ಲಿ ನಿಂತ ಜನ ಅವರ ಕಣ್ಣಿಗೆ ಬಿದ್ದರು. ತೆರೆದಿದ್ದ ಒಂದು ಕಣ್ಣಿನಲ್ಲೇ ಎಲ್ಲರನ್ನೂ ಒಂದು ಸುತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಬಾತ ಬಾಯಿಂದ ಆದಷ್ಟು ಗಟ್ಟಿಯಾಗಿ ಕೇಳಿದರು.

"ಕುದ್ದೈತೇನು, ಗಂಗವ್ವ?"

"ಕುದ್ದೈತ್ರಿ ಗೌಡ್ರ" ಅಂದೆ. "ಬಾಯಿ ತಗೀರಿ."